ಗಣಕಯಂತ್ರದೊಳಗಿನ ಒಂಟಿ ಹಳಿ

ಮೈಸೂರಿನಿಂದ ಹೊರಟು ನಂಜನಗೂಡನ್ನು ಹಾದು ಚಾಮರಾಜನಗರವನ್ನು ಮುಟ್ಟುವ ರೈಲುಮಾರ್ಗವು ಒಂಟಿ ಹಳಿಯ ಮಾರ್ಗವಾಗಿ ಹಾಕಲ್ಪಟ್ಟುದು. ಇದರಲ್ಲಿ ನಂಜನಗೂಡಿನಿಂದ ಈಚಿನ ಭಾಗವು ೧೯೨೬ರಲ್ಲಿ ಸಂಚಾರಕ್ಕೆ ತೆರೆಯಿತು. ಒಂಟಿ ಹಳಿಯ ಮೇಲೆ ಎದುರುಬದುರಾಗಿ ಬರುವ ಗಾಡಿಗಳು ನಿಲ್ದಾಣಗಳಲ್ಲಿ ಮಾತ್ರ ಒಂದನ್ನೊಂದು ದಾಟಬಲ್ಲವು. ಎರಡು ನಿಲ್ದಾಣಗಳ ನಡುವಣ ಹಳಿಯಲ್ಲಿ ಒಂದು ಕಾಲಕ್ಕೆ ಒಂದೇ ಗಾಡಿ ಇರತಕ್ಕದ್ದು. ಇಂಥ ಮಾರ್ಗಗಳಲ್ಲಿ ಈ ನಿಯಮವನ್ನು ಕಾಪಾಡುವುದಕ್ಕಾಗಿ ರೈಲ್ವೆಯವರು ಟೋಕನ್ ಎಂಬ ಉಪಾಯವನ್ನು ಬಹುಕಾಲದಿಂದ ಬಳಸಿದ್ದಾರೆ. ಮುಂದಿನ ಭಾಗದ ಟೋಕನ್ ಕೈಗೆ ಬಾರದ ಹೊರತು ಚಾಲಕನು ಗಾಡಿಯನ್ನು ಹೊರಡಿಸುವಂತಿಲ್ಲ. ಎರಡು ನಿಲ್ದಾಣಗಳ ಟೋಕನ್ ಪೆಟ್ಟಿಗೆಗಳು ವಿದ್ಯುತ್ ತಂತಿಯಿಂದ ಜೋಡಿಸಲ್ಪಟ್ಟಿರುವುದರಿಂದ, ಒಂದು ಟೋಕನ್ ಹೊರಗಿರುವವರೆಗೆ ಎರಡರಲ್ಲಿ ಯಾವ ಪೆಟ್ಟಿಗೆಯಿಂದಲೂ ಮತ್ತೊಂದು ಟೋಕನ್ ಹೊರಬಾರದು.

ಈ ಏರ್ಪಾಡಿನ ಮರ್ಮವನ್ನು ಸ್ವಲ್ಪ ಗಮನಿಸಬೇಕು. ಇಲ್ಲಿ ಗಾಡಿಗಳ ಕ್ಷೇಮವು ಚಾಲಕನ ಕಣ್ಣಿನ ಚುರುಕನ್ನಾಗಲಿ, ಗಾಡಿಗಳು ವಿರಳವಾಗಿವೆ ಎಂಬ ಧೈರ್ಯವನ್ನಾಗಲಿ, ನಿನ್ನೆಯವರೆಗೆ ಏನೂ ಆಗಿಲ್ಲ ಎಂಬ ಅನುಭವವನ್ನಾಗಲಿ ಅವಲಂಬಿಸಿಲ್ಲ. ಡಿಕ್ಕಿಯಾಗುವುದು ಅಪರೂಪ ಎಂಬುದಲ್ಲ, ಡಿಕ್ಕಿಯಾಗಲು ಆಸ್ಪದವೇ ಇಲ್ಲ ಎಂಬುದು ಇದರ ಗುರಿ. ಇಂದಿನ ಗಣಕಯಂತ್ರಗಳ ಒಳಗೂ ಇಂಥ ಒಂಟಿ ಹಳಿಗಳಿವೆ. ಅವುಗಳ ಮೇಲೆ ಟೋಕನ್ ಇಲ್ಲದೆ ಗಾಡಿ ಬಿಟ್ಟರೆ ಏನಾಗುತ್ತದೆ, ಬಿಡದಿರಲು ಸಿ ಭಾಷೆಯಲ್ಲಿ ಯಾವ ಸಾಧನಗಳಿವೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಎಳೆಗಳು ಬಂದ ಬಗೆ

ಗಣಕಯಂತ್ರವು ಪ್ರೋಗ್ರಾಂನಲ್ಲಿರುವ ಆಜ್ಞೆಗಳನ್ನು ಒಂದಾದ ಮೇಲೊಂದರಂತೆ ನೆರವೇರಿಸುತ್ತದೆ ಎಂಬುದು ವಾಚಕರಿಗೆ ತಿಳಿದ ವಿಷಯ. ಹೀಗೆ ಸಾಲಾಗಿ ನಡೆಯುವ ಆಜ್ಞೆಗಳ ಒಂದು ಪ್ರವಾಹಕ್ಕೆ ಥ್ರೆಡ್ ಎಂದು ಹೆಸರು. ಥ್ರೆಡ್ ಎಂದರೆ ನೂಲಿನ ಎಳೆ; ನಾವೂ ಇಲ್ಲಿ ಎಳೆ ಎಂದೇ ಕರೆಯೋಣ. ಒಂದೇ ಪ್ರೋಗ್ರಾಂನಲ್ಲಿ ಹಲವು ಎಳೆಗಳು ಏಕಕಾಲದಲ್ಲಿ ನಡೆಯಬಹುದು. ಅವೆಲ್ಲಕ್ಕೂ ಮೆಮೊರಿ ಒಂದೇ. ಆದುದರಿಂದ ಒಂದು ಎಳೆ ಬರೆದುದನ್ನು ಇನ್ನೊಂದು ಎಳೆ ಓದಬಹುದು, ತಿದ್ದಲೂಬಹುದು. ಹೀಗೆ ಹಲವು ಎಳೆಗಳ ಕೈಗೆ ಸಿಗುವ ಚರಾಕ್ಷರವನ್ನು ಹಂಚಿಕೊಂಡ ಚರ ಎನ್ನೋಣ.

ಒಂದು ಕಾಲದಲ್ಲಿ ಸಾಮಾನ್ಯ ಗಣಕಯಂತ್ರದಲ್ಲಿ ಪ್ರೊಸೆಸರು ಒಂದೇ ಇತ್ತು. ಅದು ಎಳೆಗಳನ್ನು ಸರದಿಯಂತೆ ನಡೆಸುತ್ತಿತ್ತು. ಅನೇಕ ಪ್ರೊಸೆಸರುಗಳನ್ನು ಒಂದೇ ಲೆಕ್ಕಕ್ಕೆ ಹೂಡುವುದು ದೊಡ್ಡ ಪ್ರಯೋಗಶಾಲೆಗಳ ಕೆಲಸವಾಗಿತ್ತು. ನಮ್ಮ ನಾಡಿನಲ್ಲಿಯೇ, ಈಗ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಎನಿಸಿಕೊಂಡಿರುವ ಬೆಂಗಳೂರಿನ ಸಂಸ್ಥೆಯು ೧೯೮೬ರಲ್ಲಿ ಫ್ಲೋಸಾಲ್ವರ್ ಎಂಬ ಯಂತ್ರವನ್ನು ಕಟ್ಟಿತು. ಗಾಳಿಯ ಹರಿವಿನ ಸಮೀಕರಣಗಳನ್ನು ಬಿಡಿಸುವುದಕ್ಕಾಗಿ ಹಲವು ಪ್ರೊಸೆಸರುಗಳನ್ನು ಜೊತೆಗೂಡಿಸಿದ ಈ ಯಂತ್ರವು ಭಾರತದ ಮೊದಲ ಸಮಾಂತರ ಗಣಕಗಳಲ್ಲಿ ಒಂದು. ಇಂದಾದರೋ ಈ ಸಮಾಂತರತೆ ವಿದ್ಯಾರ್ಥಿಗಳ ಜೇಬಿನಲ್ಲಿಯೇ ಇದೆ. ಪ್ರೊಸೆಸರಿನ ಗಡಿಯಾರದ ವೇಗವನ್ನು ಹೆಚ್ಚಿಸುತ್ತ ಹೋದಂತೆ ಅದರಲ್ಲಿ ಹುಟ್ಟುವ ಶಾಖವನ್ನು ಹೊರಹಾಕುವುದು ಕಷ್ಟವಾಯಿತು. ಸುಮಾರು ೨೦೦೫ರ ಹೊತ್ತಿಗೆ ತಯಾರಕರು ಒಂದೇ ಪ್ರೊಸೆಸರನ್ನು ಓಡಿಸುವ ಬದಲು ಒಂದೇ ಬಿಲ್ಲೆಯಲ್ಲಿ ಎರಡು, ನಾಲ್ಕು, ಎಂಟು ಕೋರ್‌ಗಳನ್ನು ಇಡುವ ದಾರಿ ಹಿಡಿದರು. ಎಂಟು ಕೋರ್‌ಗಳ ಮೊಬೈಲ್ ಫೋನು ಈಗ ಸಾಮಾನ್ಯ ವಸ್ತು. ಆದುದರಿಂದ ಎಳೆಗಳ ವಿಚಾರವು ತಜ್ಞರದು ಮಾತ್ರವಾಗಿ ಉಳಿದಿಲ್ಲ.

ಒಂದು ವಾಕ್ಯ, ಮೂರು ಕೆಲಸ

ಒಂದು ಸಣ್ಣ ಉದಾಹರಣೆಯನ್ನು ತೆಗೆದುಕೊಳ್ಳೋಣ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾದು ಹೋಗುವ ಹೆದ್ದಾರಿಗಳು ಎರಡು. ಒಂದು ಊಟಿಯ ಕಡೆಗೆ, ಇನ್ನೊಂದು ವಯನಾಡಿನ ಕಡೆಗೆ. ಮೊದಲನೆಯದರಲ್ಲಿ ಮೇಲುಕಾಮನಹಳ್ಳಿಯ ಚೆಕ್‌ಪೋಸ್ಟ್, ಎರಡನೆಯದರಲ್ಲಿ ಮದ್ದೂರಿನ ಚೆಕ್‌ಪೋಸ್ಟ್ ಇವೆ. ಕಾಡಿನ ಪ್ರಾಣಿಗಳ ಹಿತಕ್ಕಾಗಿ ರಾತ್ರಿ ೯ ಗಂಟೆಯಿಂದ ಬೆಳಿಗ್ಗೆ ೬ ಗಂಟೆಯವರೆಗೆ ವಾಹನ ಸಂಚಾರವನ್ನು ತಡೆಯುವ ಕಟ್ಟಳೆಯು ಇಲ್ಲಿ ೨೦೦೯ರಲ್ಲಿ ಜಾರಿಗೆ ಬಂದುದು ಎಲ್ಲರಿಗೂ ತಿಳಿದದ್ದೇ. ಈಗ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಹಗಲಿನಲ್ಲಿ ಕಾಡನ್ನು ಹೊಗುವ ವಾಹನಗಳನ್ನು ಎಣಿಸಲು ಒಂದು ಪ್ರೋಗ್ರಾಂ ಬರೆಯಹೊರಟರೆಂದು ಭಾವಿಸೋಣ. ಪ್ರತಿ ಚೆಕ್‌ಪೋಸ್ಟಿಗೆ ಒಂದೊಂದು ಎಳೆ. ಎರಡಕ್ಕೂ ಸೇರಿ ‘ಒಟ್ಟು’ ಎಂಬ ಒಂದೇ ಹಂಚಿಕೊಂಡ ಚರ. ವಾಹನ ದಾಟಿದಾಗಲೆಲ್ಲ ಆಯಾ ಎಳೆಯು ಈ ವಾಕ್ಯವನ್ನು ನೆರವೇರಿಸುತ್ತದೆ:

ಒಟ್ಟು = ಒಟ್ಟು + ೧ ;

ಸಿ ಭಾಷೆಯಲ್ಲಿ ಹೆಸರುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವುದು ರೂಢಿ. ಇಲ್ಲಿ ಅನುಕೂಲಕ್ಕಾಗಿ ಕನ್ನಡದಲ್ಲಿ ಬರೆದಿದ್ದೇವೆ. ನೋಡಲು ಇದು ಒಂದೇ ವಾಕ್ಯ. ಆದರೆ ಯಂತ್ರಕ್ಕೆ ಇದು ಸಾಮಾನ್ಯವಾಗಿ ಮೂರು ಕೆಲಸ. ಮೊದಲು ಮೆಮೊರಿಯಲ್ಲಿರುವ ಬೆಲೆಯನ್ನು ಪ್ರೊಸೆಸರಿನ ರಿಜಿಸ್ಟರಿಗೆ ಓದಿಕೊಳ್ಳಬೇಕು. ಅನಂತರ ಅದಕ್ಕೆ ಒಂದನ್ನು ಕೂಡಬೇಕು. ಕೊನೆಗೆ ಬಂದ ಮೊತ್ತವನ್ನು ಮೆಮೊರಿಗೆ ಬರೆಯಬೇಕು. ಓದು, ಕೂಡು, ಬರೆ. ಒಂದೇ ಎಳೆಯಿದ್ದಾಗ ಇದರಿಂದ ಯಾವ ಬಾಧಕವೂ ಇಲ್ಲ. ಎರಡು ಎಳೆಗಳಿದ್ದಾಗ ಹೀಗೂ ಆಗಬಹುದು:

೧. ಮದ್ದೂರಿನ ಎಳೆಯು ‘ಒಟ್ಟು’ ಓದುತ್ತದೆ: ೪೦.
೨. ಮೇಲುಕಾಮನಹಳ್ಳಿಯ ಎಳೆಯು ‘ಒಟ್ಟು’ ಓದುತ್ತದೆ: ೪೦.
೩. ಮದ್ದೂರಿನ ಎಳೆಯು ಒಂದನ್ನು ಕೂಡಿ ಬರೆಯುತ್ತದೆ: ೪೧.
೪. ಮೇಲುಕಾಮನಹಳ್ಳಿಯ ಎಳೆಯೂ ಒಂದನ್ನು ಕೂಡಿ ಬರೆಯುತ್ತದೆ: ೪೧.

ದಾಟಿದ ವಾಹನಗಳು ಎರಡು. ಲೆಕ್ಕಕ್ಕೆ ಸೇರಿದ್ದು ಒಂದು. ಎರಡು ಎಳೆಗಳಲ್ಲಿ ಯಾವುದೂ ತನ್ನ ಕೆಲಸದಲ್ಲಿ ತಪ್ಪಲಿಲ್ಲ. ಒಂದರ ಓದಿಗೂ ಬರಹಕ್ಕೂ ನಡುವೆ ಇನ್ನೊಂದು ನುಸುಳಿದ್ದೇ ದೋಷ. ಎರಡು ಎಳೆಗಳು ಒಂದೇ ಚರವನ್ನು ಏಕಕಾಲದಲ್ಲಿ ಮುಟ್ಟಿ, ಅವುಗಳಲ್ಲಿ ಒಂದಾದರೂ ಬರೆಯುತ್ತಿದ್ದು, ನಡುವೆ ಯಾವ ಕಟ್ಟುಪಾಡೂ ಇಲ್ಲದಿದ್ದರೆ ಆ ಸ್ಥಿತಿಗೆ ಡೇಟಾ ರೇಸ್ ಎಂದು ಹೆಸರು. ರೇಸ್ ಎಂದರೆ ಓಟದ ಪಂದ್ಯ. ಯಾರು ಮುಂದೆ ಬರುವರೋ ಹೇಳಲಾಗದು ಎಂಬ ಅರ್ಥದಲ್ಲಿ ಈ ಹೆಸರು ಬಂದಿದೆ.

ಎರಡು ಎಳೆಗಳ ಮೂರು ಮೂರು ಹೆಜ್ಜೆಗಳನ್ನು ಎಷ್ಟು ಬಗೆಯಾಗಿ ಹೆಣೆಯಬಹುದು? ಆರು ಸ್ಥಾನಗಳಲ್ಲಿ ಒಂದು ಎಳೆಗೆ ಮೂರು ಸ್ಥಾನಗಳನ್ನು ಆರಿಸಿದರೆ ಉಳಿದವು ಇನ್ನೊಂದರ ಪಾಲು. ವಿಕಲ್ಪಗಳ ಸೂತ್ರದಿಂದ ಇದು ೨೦ ಆಗುತ್ತದೆ. ಇವುಗಳಲ್ಲಿ ಸರಿಯಾದ ಉತ್ತರ ಕೊಡುವುವು ಎರಡೇ: ಮೊದಲನೆಯ ಎಳೆ ಪೂರ್ತಿ ಮುಗಿದ ಮೇಲೆ ಎರಡನೆಯದು, ಅಥವಾ ಎರಡನೆಯದು ಮುಗಿದ ಮೇಲೆ ಮೊದಲನೆಯದು. ಉಳಿದ ೧೮ ಹೆಣಿಗೆಗಳಲ್ಲಿಯೂ ಒಂದು ವಾಹನ ಕಳೆದುಹೋಗುತ್ತದೆ. ವಿದ್ಯಾರ್ಥಿಗಳು ಕಾಗದದ ಮೇಲೆ ಇಪ್ಪತ್ತನ್ನೂ ಬರೆದು ಇದನ್ನು ಪರೀಕ್ಷಿಸಿ ನೋಡಬಹುದು.

ನೂರ ಅರವತ್ತು ವರ್ಷ ಮತ್ತು ಐವತ್ತು ಸೆಕೆಂಡು

ಇಪ್ಪತ್ತರಲ್ಲಿ ಹದಿನೆಂಟು ತಪ್ಪಾಗಿದ್ದರೆ ಇಂಥ ಪ್ರೋಗ್ರಾಂ ಮೊದಲ ದಿನವೇ ಸಿಕ್ಕಿಬೀಳಬೇಡವೆ? ಹಾಗಾಗುವುದಿಲ್ಲ. ಈ ಹೆಣಿಗೆಗಳೆಲ್ಲ ಸಮಾನ ಸಂಭವವುಳ್ಳವಲ್ಲ ಎಂಬುದೇ ಕಾರಣ. ಒಂದು ಅಂದಾಜು ಮಾಡೋಣ. ಪ್ರತಿ ಚೆಕ್‌ಪೋಸ್ಟಿನಲ್ಲಿ ಸರಾಸರಿ ೧೦ ಸೆಕೆಂಡಿಗೆ ಒಂದು ವಾಹನ ದಾಟುವುದೆಂದೂ, ಓದು, ಕೂಡು, ಬರೆ ಎಂಬ ಮೂರು ಹೆಜ್ಜೆಗಳಿಗೆ ಒಟ್ಟು ೧೦ ನ್ಯಾನೋಸೆಕೆಂಡು ಹಿಡಿಯುವುದೆಂದೂ ಇಟ್ಟುಕೊಳ್ಳೋಣ. ನ್ಯಾನೋಸೆಕೆಂಡು ಎಂದರೆ ಸೆಕೆಂಡಿನ ೧೦೦ ಕೋಟಿಯಲ್ಲಿ ಒಂದು ಪಾಲು. ಒಂದು ವಾಹನಕ್ಕೆ ೧೦ ನ್ಯಾನೋಸೆಕೆಂಡು ಮುಂಚೆ ಅಥವಾ ಅನಂತರ, ಅಂದರೆ ಒಟ್ಟು ೨೦ ನ್ಯಾನೋಸೆಕೆಂಡಿನ ಅವಕಾಶದಲ್ಲಿ, ಇನ್ನೊಂದು ಚೆಕ್‌ಪೋಸ್ಟಿನಲ್ಲಿಯೂ ಒಂದು ವಾಹನ ದಾಟಿದರೆ ಮಾತ್ರ ಲೆಕ್ಕ ತಪ್ಪುತ್ತದೆ. ಎರಡು ಕಡೆಯ ವಾಹನಗಳ ದರಗಳನ್ನೂ ಈ ಅವಕಾಶವನ್ನೂ ಗುಣಿಸಿದರೆ, ಸರಾಸರಿ ೫೦೦ ಕೋಟಿ ಸೆಕೆಂಡಿಗೆ ಒಂದು ತಪ್ಪು ಎಂಬ ಉತ್ತರ ಬರುತ್ತದೆ. ೫೦೦ ಕೋಟಿ ಸೆಕೆಂಡು ಎಂದರೆ ಸುಮಾರು ೧೬೦ ವರ್ಷ!

ಇಂಥ ಪ್ರೋಗ್ರಾಂ ಅನ್ನು ಒಂದು ವಾರ ಪರೀಕ್ಷಿಸಿ ‘ಸರಿಯಾಗಿದೆ’ ಎಂದು ಹೇಳುವವರನ್ನು ದೂರುವಂತಿಲ್ಲ. ಆದರೆ ಇದೇ ವಾಕ್ಯವನ್ನು ಯಾವುದೋ ಬ್ಯಾಂಕಿನ ಅಥವಾ ದೂರವಾಣಿ ಕೇಂದ್ರದ ಯಂತ್ರಕ್ಕೆ ಒಯ್ದರೆಂದು ಭಾವಿಸಿ. ಅಲ್ಲಿ ಎರಡು ಎಳೆಗಳೂ ಸೆಕೆಂಡಿಗೆ ಸಾವಿರ ಸಲ ‘ಒಟ್ಟು’ ತಿದ್ದುತ್ತವೆ. ಪ್ರತಿಯೊಂದರ ದರವು ಹತ್ತು ಸಾವಿರ ಪಟ್ಟು ಹೆಚ್ಚಿತು. ತಪ್ಪಿನ ದರವಾದರೋ ಎರಡು ದರಗಳ ಗುಣಲಬ್ಧವನ್ನು ಅನುಸರಿಸಿ ಹತ್ತು ಕೋಟಿ ಪಟ್ಟು ಹೆಚ್ಚುತ್ತದೆ. ಈಗ ತಪ್ಪು ಬರುವುದು ೫೦ ಸೆಕೆಂಡಿಗೊಮ್ಮೆ. ಅನಿಲದ ಅಣುಗಳ ಡಿಕ್ಕಿಗಳು ಸಾಂದ್ರತೆಯ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದನ್ನು ಓದಿದ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹೊಸದೆನಿಸಲಾರದು. ಪ್ರೋಗ್ರಾಂ ಬದಲಾಗಲಿಲ್ಲ, ಅದು ಇದ್ದ ಪರಿಸರ ಮಾತ್ರ ಬದಲಾಯಿತು. ಹಂಚಿಕೊಂಡ ಚರದ ವಿಷಯದಲ್ಲಿ ‘ಇದುವರೆಗೆ ಸರಿಯಾಗಿ ನಡೆದಿದೆ’ ಎಂಬ ಮಾತಿಗೆ ಪ್ರಮಾಣದ ಬೆಲೆಯಿಲ್ಲದಿರುವುದು ಈ ಕಾರಣದಿಂದಲೇ.

ಎರಡು ದುರಂತಗಳು

ಇದು ಬರಿಯ ಲೆಕ್ಕದ ವಿನೋದವಲ್ಲ. ಕೆನಡಾದಲ್ಲಿ ತಯಾರಾದ ಥೆರಾಕ್-೨೫ ಎಂಬುದು ಕ್ಯಾನ್ಸರ್ ರೋಗಕ್ಕೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರವಾಗಿತ್ತು. ೧೯೮೫ರ ಜೂನ್ ತಿಂಗಳಿಗೂ ೧೯೮೭ರ ಜನವರಿ ತಿಂಗಳಿಗೂ ನಡುವೆ ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಆರು ಮಂದಿ ರೋಗಿಗಳ ಮೇಲೆ ಈ ಯಂತ್ರವು ಮಿತಿಮೀರಿದ ವಿಕಿರಣವನ್ನು ಸುರಿಯಿತು. ಅವರಲ್ಲಿ ಕೆಲವರು ಅದರಿಂದಲೇ ಪ್ರಾಣ ಕಳೆದುಕೊಂಡರು. ಅದರ ಪ್ರೋಗ್ರಾಂನಲ್ಲಿ ಹಲವು ಕೆಲಸಗಳು ಒಟ್ಟೊಟ್ಟಿಗೆ ನಡೆಯುತ್ತ ಒಂದೇ ಮೆಮೊರಿಯ ಚರಗಳನ್ನು ಯಾವ ಟೋಕನ್ನೂ ಇಲ್ಲದೆ ಓದಿ ಬರೆಯುತ್ತಿದ್ದವು. ೧೯೮೬ರಲ್ಲಿ ಟೆಕ್ಸಸ್ಸಿನ ಟೈಲರ್ ಪಟ್ಟಣದಲ್ಲಿ ನಡೆದುದು ಹೀಗೆ: ಯಂತ್ರ ನಡೆಸುವಾಕೆ ತಪ್ಪಾಗಿ ಒತ್ತಿದ ಚಿಕಿತ್ಸಾಕ್ರಮವನ್ನು ಕೂಡಲೇ ತಿದ್ದಿದಳು. ಅಷ್ಟರಲ್ಲಿ ಯಂತ್ರವು ತನ್ನ ಅಯಸ್ಕಾಂತಗಳನ್ನು ಅಣಿಗೊಳಿಸತೊಡಗಿತ್ತು. ಅದಕ್ಕೆ ಬೇಕಾದ ಸುಮಾರು ಎಂಟು ಸೆಕೆಂಡುಗಳೊಳಗೆ ಮಾಡಿದ ತಿದ್ದುಪಡಿ ಅದರ ಗಮನಕ್ಕೆ ಬರಲಿಲ್ಲ. ತೆರೆಯ ಮೇಲೆ ಹೊಸ ಆಜ್ಞೆ, ಯಂತ್ರದ ಒಂದು ಭಾಗದಲ್ಲಿ ಹಳೆಯ ಆಜ್ಞೆ. ನಿಧಾನವಾಗಿ ಬೆರಳಾಡಿಸುತ್ತಿದ್ದಷ್ಟು ಕಾಲ ದೋಷ ಅಡಗಿತ್ತು. ಕೈ ಪಳಗಿದಂತೆ ಅದು ಹೊರಬಿತ್ತು. ಇದಕ್ಕಿಂತ ಹಿಂದಿನ ಥೆರಾಕ್-೨೦ ಯಂತ್ರದ ಪ್ರೋಗ್ರಾಂನಲ್ಲಿಯೂ ಈ ದೋಷವಿತ್ತೆಂದು ಆಮೇಲೆ ತಿಳಿಯಿತು. ಆದರೆ ಅದರಲ್ಲಿ ವಿಕಿರಣವನ್ನು ತಡೆಯುವ ಬೇರೆ ಯಾಂತ್ರಿಕ ರಕ್ಷಣೆಗಳಿದ್ದುದರಿಂದ ಯಾರಿಗೂ ಹಾನಿಯಾಗಿರಲಿಲ್ಲ.

ಎರಡನೆಯದು ೨೦೦೩ರ ಆಗಸ್ಟ್ ೧೪ರ ಸಂಗತಿ. ಅಂದು ಅಮೆರಿಕದ ಈಶಾನ್ಯ ಭಾಗದಲ್ಲಿಯೂ ಕೆನಡಾದ ಒಂಟಾರಿಯೊದಲ್ಲಿಯೂ ಸುಮಾರು ೫ ಕೋಟಿ ಜನ ವಿದ್ಯುತ್ತಿಲ್ಲದೆ ಕತ್ತಲಲ್ಲಿ ಉಳಿದರು. ಮರಗಳಿಗೆ ತಂತಿ ತಗುಲಿದ್ದು ಮೊದಲಾದ ಹಲವು ಕಾರಣಗಳು ಅದಕ್ಕಿದ್ದವು. ಆದರೆ ಓಹಾಯೊ ರಾಜ್ಯದ ನಿಯಂತ್ರಣ ಕೊಠಡಿಯವರಿಗೆ ಸಕಾಲದಲ್ಲಿ ಎಚ್ಚರಿಕೆ ಬಾರದಿದ್ದುದು ಮುಖ್ಯವಾದೊಂದು ಕಾರಣ. ಎಚ್ಚರಿಕೆ ಕೊಡಬೇಕಾದ ಪ್ರೋಗ್ರಾಂನಲ್ಲಿ ಎರಡು ಕ್ರಿಯೆಗಳು ಒಂದೇ ಮಾಹಿತಿಯ ಕಟ್ಟಿಗೆ ಏಕಕಾಲದಲ್ಲಿ ಬರೆಯುವ ಅವಕಾಶ ಪಡೆದು ಅದನ್ನು ಕೆಡಿಸಿದ್ದವು. ಎಚ್ಚರಿಕೆಯ ಪ್ರೋಗ್ರಾಂ ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಕೊಂಡಿತ್ತು. ಈ ತಂತ್ರಾಂಶವು ಅದಕ್ಕೆ ಮುಂಚೆ ಬೇರೆಬೇರೆ ಸ್ಥಳಗಳಲ್ಲಿ ಒಟ್ಟು ೩೦ ಲಕ್ಷ ಗಂಟೆಗಳಿಗೂ ಮಿಗಿಲಾಗಿ ಕೆಲಸಮಾಡಿದ್ದು, ಒಮ್ಮೆಯೂ ಈ ದೋಷ ತಲೆದೋರಿರಲಿಲ್ಲವೆಂದು ಅದರ ತಯಾರಕರು ಹೇಳಿದರು. ಮೇಲಿನ ನಮ್ಮ ಅಂದಾಜಿನ ೧೬೦ ವರ್ಷಗಳು ಎಂಥ ಮೋಸದ ಭರವಸೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೀಗ ಎಂಬ ಟೋಕನ್

ಪರಿಹಾರದ ಕಡೆಗೆ ತಿರುಗೋಣ. ಹಂಚಿಕೊಂಡ ಚರವನ್ನು ಮುಟ್ಟುವ ವಾಕ್ಯಗಳೇ ಒಂಟಿ ಹಳಿ. ಅದಕ್ಕೆ ಒಂದು ಟೋಕನ್ ಬೇಕು. ಈ ಸಮಸ್ಯೆಯನ್ನು ನೆದರ್‌ಲ್ಯಾಂಡ್ಸ್ ದೇಶದ ಎಡ್ಸ್‌ಖರ್ ಡೈಕ್‌ಸ್ಟ್ರಾ ೧೯೬೫ರಲ್ಲಿ ಒಂದು ಚಿಕ್ಕ ಪ್ರಬಂಧದಲ್ಲಿ ಸ್ಪಷ್ಟವಾಗಿ ಎತ್ತಿ ಬಿಡಿಸಿ ತೋರಿಸಿದರು. ಅವರು ರೂಪಿಸಿದ ಒಂದು ಸಾಧನಕ್ಕೆ ಸೆಮಾಫೋರ್ ಎಂದು ಹೆಸರು. ಸೆಮಾಫೋರ್ ಎಂದರೆ ರೈಲ್ವೆಯ ಕೈಮರ. ಹೀಗಾಗಿ ರೈಲಿನ ಹೋಲಿಕೆಯು ಈ ಶಾಸ್ತ್ರಕ್ಕೆ ಹುಟ್ಟಿನಿಂದಲೇ ಬಂದದ್ದು.

ಸಿ ಭಾಷೆಯಲ್ಲಿ ಬರೆಯುವವರು ಹೆಚ್ಚಾಗಿ ಬಳಸುವುದು ಮ್ಯೂಟೆಕ್ಸ್ ಎಂಬ ಬೀಗವನ್ನು. ಯೂನಿಕ್ಸ್ ಮತ್ತು ಲಿನಕ್ಸ್ ವ್ಯವಸ್ಥೆಗಳಲ್ಲಿ ಬಳಕೆಯಲ್ಲಿರುವ ಪಾಸಿಕ್ಸ್ ಎಳೆಗಳ ನಿಯಮಾವಳಿಯು ೧೯೯೫ರಲ್ಲಿ ಇದನ್ನು ಗೊತ್ತುಪಡಿಸಿತು. ಬಳಸುವ ಕ್ರಮ ಹೀಗೆ:

ಬೀಗ ಹಾಕು ;
ಒಟ್ಟು = ಒಟ್ಟು + ೧ ;
ಬೀಗ ತೆಗೆ ;

ಒಂದು ಎಳೆಯು ಬೀಗವನ್ನು ಹಿಡಿದಿರುವಾಗ ಇನ್ನೊಂದು ಎಳೆಯು ‘ಬೀಗ ಹಾಕು’ ಎಂಬಲ್ಲಿಗೆ ಬಂದರೆ, ಬೀಗ ಬಿಡುಗಡೆಯಾಗುವವರೆಗೆ ಅಲ್ಲಿಯೇ ಕಾದು ನಿಲ್ಲುತ್ತದೆ. ಇಪ್ಪತ್ತು ಹೆಣಿಗೆಗಳಲ್ಲಿ ತಪ್ಪಾದ ಹದಿನೆಂಟೂ ಇದರಿಂದ ಅಳಿದು, ಸರಿಯಾದ ಎರಡು ಮಾತ್ರ ಉಳಿಯುತ್ತವೆ. ಇಲ್ಲಿ ವಿದ್ಯಾರ್ಥಿಗಳು ಮೂರು ಅಂಶಗಳನ್ನು ನೆನಪಿನಲ್ಲಿಡಬೇಕು.

ಮೊದಲನೆಯದು, ಬೀಗವು ಚರಕ್ಕೆ ತಾನಾಗಿ ಅಂಟಿಕೊಳ್ಳುವುದಿಲ್ಲ. ಟೋಕನ್ ಪಡೆಯದೆಯೇ ಹಳಿಗೆ ನುಗ್ಗುವ ಎಳೆಯನ್ನು ಸಿ ಭಾಷೆಯು ತಡೆಯದು. ‘ಒಟ್ಟು’ ಮುಟ್ಟುವ ಪ್ರತಿಯೊಂದು ಸ್ಥಳದಲ್ಲಿಯೂ ಅದೇ ಬೀಗವನ್ನು ಹಿಡಿಯುವುದು ಬರೆಯುವವರ ಹೊಣೆ. ಯಾವ ಚರಕ್ಕೆ ಯಾವ ಬೀಗ ಎಂಬುದನ್ನು ಪ್ರೋಗ್ರಾಂನಲ್ಲಿಯೇ ಟಿಪ್ಪಣಿಯಾಗಿ ಬರೆದಿಡುವುದು ಉತ್ತಮ.

ಎರಡನೆಯದು, ಬರೆಯುವಾಗ ಮಾತ್ರ ಬೀಗ ಸಾಕು, ಓದುವಾಗ ಬೇಡ ಎಂಬ ನಂಬಿಕೆ ತಪ್ಪು. ‘ಒಟ್ಟು’ ಎಂಬುದರ ಜೊತೆಗೆ ‘ಲಾರಿ’ ಎಂಬ ಇನ್ನೊಂದು ಎಣಿಕೆ ಇದೆಯೆನ್ನಿ. ಬೆಳಗಿನಿಂದ ದಾಟಿದ ನೂರೂ ಲಾರಿಗಳೇ, ನೂರೊಂದನೆಯದೂ ಲಾರಿಯೇ. ಎಳೆಯು ‘ಲಾರಿ’ಯನ್ನು ೧೦೧ ಮಾಡಿ, ‘ಒಟ್ಟು’ ತಿದ್ದುವ ಮುನ್ನ ಬೀಗವಿಲ್ಲದ ಓದುಗ ಎಳೆ ಇಣುಕಿದರೆ, ೧೦೦ ವಾಹನಗಳಲ್ಲಿ ೧೦೧ ಲಾರಿಗಳೆಂಬ ವರದಿ ಹೊರಡುತ್ತದೆ! ಒಂದೇ ಚರವಿದ್ದರೂ ಅಪಾಯ ತಪ್ಪಿದ್ದಲ್ಲ. ೬೪ ಬಿಟ್‌ಗಳ ಸಂಖ್ಯೆಯನ್ನು ೩೨ ಬಿಟ್‌ಗಳ ಯಂತ್ರವು ಎರಡು ತುಂಡುಗಳಾಗಿ ಬರೆಯಬಹುದು. ೦೯೯೯ ಎಂಬುದು ೧೦೦೦ ಆಗುವಾಗ ಮೊದಲ ಅಂಕಿ ಮಾತ್ರ ಬದಲಾದ ಕ್ಷಣದಲ್ಲಿ ಓದಿದರೆ ೧೯೯೯ ಕಾಣುವಂತೆ, ಯಾರೂ ಎಂದೂ ಬರೆಯದ ಬೆಲೆಯೊಂದು ಓದಿದವನ ಕೈಗೆ ಬರುತ್ತದೆ.

ಮೂರನೆಯದು, ನೋಡುವುದೂ ಮಾಡುವುದೂ ಒಂದೇ ಬೀಗದೊಳಗೆ ಇರತಕ್ಕದ್ದು. ಚಾಮರಾಜನಗರದಿಂದ ಹೊರಡುವ ಬಸ್ಸಿನಲ್ಲಿ ಒಂದು ಆಸನ ಉಳಿದಿದೆಯೆನ್ನಿ. ‘ಉಳಿದಿದೆಯೆ?’ ಎಂದು ಬೀಗ ಹಿಡಿದು ನೋಡಿ, ಬೀಗ ಬಿಟ್ಟು, ಮತ್ತೆ ಹಿಡಿದು ‘ಒಂದನ್ನು ಕಳೆ’ ಎಂದರೆ, ಆ ನಡುವಣ ಬಿಡುವಿನಲ್ಲಿ ಇನ್ನೊಂದು ಎಳೆಯೂ ‘ಉಳಿದಿದೆ’ ಎಂಬ ಉತ್ತರವನ್ನೇ ಪಡೆಯುತ್ತದೆ. ಒಂದೇ ಆಸನವು ಇಬ್ಬರು ಪ್ರಯಾಣಿಕರಿಗೆ ಮಾರಾಟವಾಗುತ್ತದೆ.

ಬೀಗಗಳಿಗೂ ತಮ್ಮದೇ ಆದ ಒಂದು ತೊಡಕು ಉಂಟು. ಒಂದು ಗಾಡಿಯು ಕವಲಂದೆಯ ಭಾಗದ ಟೋಕನ್ ಹಿಡಿದು ಬದನಗುಪ್ಪೆಯದಕ್ಕಾಗಿಯೂ, ಎದುರಿನ ಗಾಡಿಯು ಬದನಗುಪ್ಪೆಯದನ್ನು ಹಿಡಿದು ಕವಲಂದೆಯದಕ್ಕಾಗಿಯೂ, ಕೈಯಲ್ಲಿರುವುದನ್ನು ಬಿಡದೆ ಕಾದರೆ ಎರಡೂ ಎಂದೆಂದಿಗೂ ಕದಲವು. ಇದಕ್ಕೆ ಡೆಡ್‌ಲಾಕ್ ಎನ್ನುತ್ತಾರೆ. ಎರಡು ಬೀಗಗಳು ಬೇಕಾದಾಗ ಎಲ್ಲ ಎಳೆಗಳೂ ಅವುಗಳನ್ನು ಒಂದೇ ಕ್ರಮದಲ್ಲಿ ಹಿಡಿಯಬೇಕೆಂದು ನಿಯಮ ಮಾಡಿಕೊಂಡರೆ ಈ ತೊಡಕು ಹುಟ್ಟುವುದಿಲ್ಲ.

ಕತ್ತರಿಸಲಾಗದ ಕ್ರಿಯೆ

ಒಂದನ್ನು ಕೂಡುವಷ್ಟು ಸಣ್ಣ ಕೆಲಸಕ್ಕೆ ಬೀಗದ ಆಡಂಬರ ಬೇಡವೆಂದರೆ ಇನ್ನೊಂದು ದಾರಿಯಿದೆ. ಗ್ರೀಕ್ ಭಾಷೆಯಲ್ಲಿ ಅಟಾಮಸ್ ಎಂದರೆ ಕತ್ತರಿಸಲಾಗದ್ದು. ಪರಮಾಣುವನ್ನೂ ಒಡೆಯಬಹುದೆಂದು ಭೌತವಿಜ್ಞಾನವು ತೋರಿಸಿಕೊಟ್ಟಿತಾದರೂ, ಗಣಕ ಶಾಸ್ತ್ರದಲ್ಲಿ ಅಟಾಮಿಕ್ ಎಂಬ ಪದವು ಮೂಲಾರ್ಥವನ್ನೇ ಉಳಿಸಿಕೊಂಡಿದೆ. ಓದು, ಕೂಡು, ಬರೆ ಎಂಬ ಮೂರನ್ನೂ ನಡುವೆ ಯಾರೂ ನುಸುಳದಂತೆ ಒಂದಾಗಿ ನೆರವೇರಿಸುವ ಸೌಲಭ್ಯವು ಇಂದಿನ ಪ್ರೊಸೆಸರುಗಳಲ್ಲಿದೆ. ಅದನ್ನು ಸಿ ಭಾಷೆಗೆ ತಂದುಕೊಟ್ಟದ್ದು ೨೦೧೧ರ ಪ್ರಮಾಣಗ್ರಂಥ. ಅದಕ್ಕೆ ಸಿ-೧೧ ಎಂದು ರೂಢಿಯ ಹೆಸರು. ಚರವನ್ನು ಘೋಷಿಸುವಾಗ ಅಟಾಮಿಕ್ ಎಂಬ ವಿಶೇಷಣವನ್ನು ಸೇರಿಸಿದರೆ, ಅದರ ಮೇಲಿನ ಒಂದೊಂದು ಓದೂ ಬರಹವೂ ಅವಿಭಾಜ್ಯವಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ‘ಒಟ್ಟು’ ಅಟಾಮಿಕ್ ಆಗಿರುವಾಗ ‘ಒಟ್ಟು++’ ಎಂದಾಗಲಿ ‘ಒಟ್ಟು += ೧’ ಎಂದಾಗಲಿ ಬರೆದರೆ ಇಡೀ ಕ್ರಿಯೆ ಅವಿಭಾಜ್ಯ. ‘ಒಟ್ಟು = ಒಟ್ಟು + ೧’ ಎಂದು ಬರೆದರೆ ಮಾತ್ರ ಅದು ಒಂದು ಅವಿಭಾಜ್ಯ ಓದು ಮತ್ತು ಒಂದು ಅವಿಭಾಜ್ಯ ಬರಹ, ಹೀಗೆ ಎರಡಾಗಿ ನಡೆಯುತ್ತದೆ; ನಡುವೆ ಇನ್ನೊಂದು ಎಳೆ ನುಸುಳಬಹುದು. ಬೀಜಗಣಿತಕ್ಕೆ ಒಂದೇ ಆಗಿರುವ ಮೂರು ಬರಹಗಳು ಎಳೆಗಳ ಲೋಕದಲ್ಲಿ ಒಂದೇ ಅಲ್ಲ. ಅಲ್ಲದೆ ಅಟಾಮಿಕ್ ಗುಣವು ಚರ ಒಂದೊಂದಕ್ಕೆ ಬೇರೆಬೇರೆಯಾಗಿ ಸಲ್ಲುತ್ತದೆ. ‘ಲಾರಿ’ ಮತ್ತು ‘ಒಟ್ಟು’ ಎರಡೂ ಒಟ್ಟಿಗೆ ಹೊಂದಿಕೊಂಡಿರಬೇಕಾದರೆ ಬೀಗವೇ ಬೇಕು.

ಹಿಂದುಮುಂದಾಗುವ ಬರಹ

ಇನ್ನು ಎಲ್ಲಕ್ಕಿಂತ ವಿಚಿತ್ರವಾದ ಸಂಗತಿ. 	ಒಂದು ಎಳೆಯು ಮೊದಲು ‘ವರದಿ’ ಎಂಬ ಚರವನ್ನು ತುಂಬಿ, ಆಮೇಲೆ ‘ಸಿದ್ಧ = ೧’ ಎಂದು ಬರೆಯುತ್ತದೆ. ಇನ್ನೊಂದು ಎಳೆಯು ‘ಸಿದ್ಧ’ ಎಂಬುದು ೧ ಆಗುವವರೆಗೆ ಕಾದು, ಅನಂತರ ‘ವರದಿ’ ಓದುತ್ತದೆ. ಇದರಲ್ಲಿ ದೋಷವೆಲ್ಲಿ? ಎರಡನೆಯ ಎಳೆಗೆ ‘ಸಿದ್ಧ’ ಕಂಡರೂ ‘ವರದಿ’ ಹಳೆಯದಾಗಿಯೇ ಕಾಣಬಹುದು ಎಂಬುದೇ ದೋಷ.

ಇದಕ್ಕೆ ಕಾರಣವು ಭೌತವಿಜ್ಞಾನದಲ್ಲಿದೆ. ಸೆಕೆಂಡಿಗೆ ೩೦೦ ಕೋಟಿ ಸಲ ಮಿಡಿಯುವ ಪ್ರೊಸೆಸರಿನ ಒಂದು ಮಿಡಿತದಲ್ಲಿ ಬೆಳಕು ಕೂಡ ಚಲಿಸುವುದು ೧೦ ಸೆಂಟಿಮೀಟರು ಮಾತ್ರ. ತಂತಿಯಲ್ಲಿ ಸಂಕೇತವು ಅದಕ್ಕಿಂತ ನಿಧಾನ. ಮುಖ್ಯ ಮೆಮೊರಿಯಿಂದ ಉತ್ತರ ಬರಲು ನೂರು ನ್ಯಾನೋಸೆಕೆಂಡಿನಷ್ಟು, ಅಂದರೆ ಸುಮಾರು ೩೦೦ ಮಿಡಿತಗಳಷ್ಟು ಕಾಯಬೇಕಾಗುತ್ತದೆ. ಹೀಗೆ ಕಾಯುವುದನ್ನು ತಪ್ಪಿಸಲು ಪ್ರತಿ ಕೋರ್ ತನ್ನ ಬಳಿ ಪುಟ್ಟ ಮೆಮೊರಿಯನ್ನೂ, ಬರೆಯಬೇಕಾದುದರ ಕಾಯುವ ಪಟ್ಟಿಯನ್ನೂ ಇಟ್ಟುಕೊಂಡಿರುತ್ತದೆ. ಮೊಬೈಲ್ ಫೋನುಗಳಲ್ಲಿರುವ ಆರ್ಮ್ ಪ್ರೊಸೆಸರುಗಳಲ್ಲಿ ಎರಡು ಬರಹಗಳು ಬೇರೆ ಕೋರ್‌ಗೆ ಹಿಂದುಮುಂದಾಗಿ ತಲುಪಬಹುದು. ಸಿ ಭಾಷೆಯನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಕೂಡ, ಎಳೆ ಒಂದೇ ಇದ್ದರೆ ವ್ಯತ್ಯಾಸವಾಗದು ಎಂದು ಕಂಡಾಗ ವಾಕ್ಯಗಳನ್ನು ಹಿಂದುಮುಂದು ಮಾಡಬಹುದು. ‘ಸಿದ್ಧ’ ಎಂಬುದನ್ನು ಒಮ್ಮೆ ಮಾತ್ರ ಓದಿ, ಮತ್ತೆ ನೋಡದೆ, ಎಂದೆಂದಿಗೂ ಕಾಯುತ್ತ ಕೂರುವಂತೆಯೂ ಮಾಡಬಹುದು. ಸಾಪೇಕ್ಷತಾವಾದವನ್ನು ಓದಿದವರಿಗೆ, ಒಬ್ಬರಿಗೊಬ್ಬರು ಸಾಪೇಕ್ಷವಾಗಿ ಚಲಿಸುತ್ತಿರುವ ಇಬ್ಬರು ವೀಕ್ಷಕರಿಗೆ ದೂರದೂರದ ಘಟನೆಗಳ ಅನುಕ್ರಮ ಒಂದೇ ಆಗಿರಬೇಕಿಲ್ಲವೆಂಬುದು ನೆನಪಾದೀತು. ಲೆಸ್ಲಿ ಲ್ಯಾಂಪೋರ್ಟ್ ಎಂಬ ವಿದ್ವಾಂಸರು ೧೯೭೮ರಲ್ಲಿ ಗಣಕಗಳ ನಡುವಣ ಘಟನೆಗಳ ಅನುಕ್ರಮವನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧಕ್ಕೆ ಪ್ರೇರಣೆ ಬಂದುದು ಇದೇ ವಾದದಿಂದ.

ಬೀಗವು ಈ ತೊಂದರೆಯನ್ನೂ ನಿವಾರಿಸುತ್ತದೆ. ಬೀಗ ಬಿಡುವ ಮುನ್ನ ಬರೆದುದೆಲ್ಲವೂ ಆಮೇಲೆ ಅದೇ ಬೀಗ ಹಿಡಿದವನಿಗೆ ಕಾಣಲೇಬೇಕೆಂಬುದು ನಿಯಮ. ‘ಸಿದ್ಧ’ ಎಂಬುದನ್ನು ಅಟಾಮಿಕ್ ಮಾಡಿದರೂ ಈ ಖಾತರಿ ದೊರೆಯುತ್ತದೆ. ಕೆಲವರು ಇದಕ್ಕಾಗಿ ಸಿ ಭಾಷೆಯ ವೊಲಟೈಲ್ ಎಂಬ ವಿಶೇಷಣವನ್ನು ಬಳಸುವುದುಂಟು. ಅದು ಯಂತ್ರೋಪಕರಣಗಳ ರಿಜಿಸ್ಟರುಗಳನ್ನು ಓದುವಂಥ ಕೆಲಸಗಳಿಗಾಗಿ ಏರ್ಪಟ್ಟದ್ದು. ಅದರಿಂದ ಕ್ರಿಯೆಯು ಅವಿಭಾಜ್ಯವಾಗುವುದಿಲ್ಲ. ಎಳೆಗಳ ನಡುವೆ ಅನುಕ್ರಮದ ಖಾತರಿಯೂ ಇಲ್ಲ. ಸಿ-೧೧ರ ಪ್ರಕಾರ ಡೇಟಾ ರೇಸ್ ಇರುವ ಪ್ರೋಗ್ರಾಂ ಹೇಗೆ ವರ್ತಿಸಿದರೂ ಭಾಷೆಯು ಹೊಣೆಯಲ್ಲ. ತಪ್ಪು ಉತ್ತರ ಬಂದೀತು ಎಂಬಷ್ಟಕ್ಕೇ ಇದು ನಿಲ್ಲುವುದಿಲ್ಲ. ಪ್ರೋಗ್ರಾಂಗೆ ಅರ್ಥವೇ ಇಲ್ಲವೆಂದು ತಿಳಿಯಬೇಕು.

ತಾವೇ ಮಾಡಿ ನೋಡಿ

ಒಟ್ಟಿನಲ್ಲಿ ಬರೆಯುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ. ಈ ಚರವನ್ನು ಹಂಚಿಕೊಳ್ಳಲೇಬೇಕೆ? ಪ್ರತಿ ಚೆಕ್‌ಪೋಸ್ಟಿನ ಎಳೆಯು ತನ್ನದೇ ಎಣಿಕೆಯನ್ನು ಇಟ್ಟುಕೊಂಡು, ಎಳೆಗಳೆರಡೂ ಮುಗಿದ ಮೇಲೆ ಎರಡನ್ನೂ ಕೂಡಿದರೆ ಬೀಗವೂ ಬೇಡ, ಅಟಾಮಿಕ್ಕೂ ಬೇಡ. ಹಂಚಿಕೊಳ್ಳುವುದು ಅನಿವಾರ್ಯವಾದರೆ, ಒಂದೇ ಚರದ ಸರಳ ಎಣಿಕೆಗೆ ಅಟಾಮಿಕ್ ಸಾಕು. ಎರಡು ಚರಗಳು ಹೊಂದಿಕೊಂಡಿರಬೇಕಾದಾಗ, ಅಥವಾ ನೋಡಿ ಮಾಡುವ ಕೆಲಸವಿದ್ದಾಗ, ಬೀಗವನ್ನು ಹಿಡಿಯಬೇಕು. ಬೀಗವು ಯಂತ್ರವನ್ನು ನಿಧಾನಗೊಳಿಸುತ್ತದೆಂಬ ಭಯದಿಂದ ಅದನ್ನು ಕೈಬಿಡುವುದು ಸಲ್ಲದು. ಪೈಪೋಟಿಯಿಲ್ಲದಾಗ ಬೀಗ ಹಾಕಿ ತೆಗೆಯಲು ಹಿಡಿಯುವುದು ಕೆಲವು ಹತ್ತು ನ್ಯಾನೋಸೆಕೆಂಡುಗಳು ಮಾತ್ರ.

ಆಸಕ್ತರಾದ ವಿದ್ಯಾರ್ಥಿಗಳು ಕಾಲೇಜಿನ ಗಣಕಯಂತ್ರದಲ್ಲಿ ಒಂದು ಪ್ರಯೋಗವನ್ನು ಮಾಡಬಹುದು. ಎರಡು ಎಳೆಗಳನ್ನು ಹುಟ್ಟಿಸಿ, ಬೀಗವಿಲ್ಲದೆ ಪ್ರತಿಯೊಂದೂ ‘ಒಟ್ಟು’ ಎಂಬುದಕ್ಕೆ ಹತ್ತು ಲಕ್ಷ ಸಲ ಒಂದನ್ನು ಕೂಡುವಂತೆ ಬರೆಯಿರಿ. ಉತ್ತರ ಇಪ್ಪತ್ತು ಲಕ್ಷವಾಗಬೇಕು. ಕಂಪೈಲರಿನ ಚುರುಕುಗೊಳಿಸುವ ಸೌಲಭ್ಯವನ್ನು ಬಳಸದೆ ನಡೆಸಿದರೆ ಉತ್ತರವು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೂ, ಒಂದೊಂದು ಸಲಕ್ಕೆ ಒಂದೊಂದು ಬಗೆಯಾಗಿಯೂ ಬರುವುದು. ಅನಂತರ ಆ ಸೌಲಭ್ಯವನ್ನು ಬಳಸಿ ನಡೆಸಿರಿ. ಉತ್ತರ ಇಪ್ಪತ್ತು ಲಕ್ಷವೇ ಬಂದರೂ ಸಂತೋಷಪಡಬೇಡಿ. ಕಂಪೈಲರ್ ಇಡೀ ಸುತ್ತನ್ನು ಅಳಿಸಿ ‘ಹತ್ತು ಲಕ್ಷ ಕೂಡು’ ಎಂಬ ಒಂದೇ ವಾಕ್ಯವಾಗಿಸಿರಬಹುದು. ದೋಷವು ಹೋಗಿಲ್ಲ, ಅಡಗಿದೆಯಷ್ಟೆ. ಮೂರನೆಯ ಸಲ, ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರುಗಳಲ್ಲಿ ದೊರೆಯುವ ಥ್ರೆಡ್ ಸ್ಯಾನಿಟೈಸರ್ ಎಂಬ ಪರೀಕ್ಷಕವನ್ನು ಜೋಡಿಸಿ ನಡೆಸಿದರೆ, ಉತ್ತರ ಸರಿಯಾಗಿ ಬಂದಾಗಲೂ ಅದು ಡೇಟಾ ರೇಸನ್ನು ಹಿಡಿದು, ಯಾವ ಸಾಲಿನಲ್ಲಿದೆಯೆಂದು ತೋರಿಸಬಲ್ಲುದು. ಕೊನೆಗೆ ಬೀಗವನ್ನು ಸೇರಿಸಿ ನಡೆಸಿರಿ. ಉತ್ತರ ಪ್ರತಿ ಸಲವೂ ಇಪ್ಪತ್ತು ಲಕ್ಷವಾಗಿರುವುದು. ಈ ನಾಲ್ಕು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಂಡು ನೋಡಿದವರಿಗೆ, ಸರಿಯಾದ ಉತ್ತರಕ್ಕೂ ಸರಿಯಾದ ಪ್ರೋಗ್ರಾಂಗೂ ಇರುವ ಅಂತರವನ್ನು ಮತ್ತೊಬ್ಬರು ಬಿಡಿಸಿ ಹೇಳಬೇಕಾಗಿಲ್ಲ.